ಕೆರೆದು ತೆಗೆದ ಹೆಸರು

"ಬೇಡಿ ಡಾಕ್ಟ್ರೇ, ಈ ಚಿತ್ರ ಮಾತ್ರ ಕೊಳ್ಳಬೇಡಿ," ಎಂದ ಫ್ರೇಮಿನಂಗಡಿಯ ಮುದುಕ. ಡಾಕ್ಟರ ಫೋನಿನಲ್ಲಿದ್ದ ಚಿತ್ರವನ್ನು ಹಿಗ್ಗಿಸಿ ನೋಡಿದ. "ಮಾರುವವನು ಹಿಂಬದಿಯ ಫೋಟೋ ಕಳಿಸಿದ್ದಾನಾ? ಇದು ಮೊದಲು ಯಾರ ಮನೆಯಲ್ಲಿತ್ತು ಅಂತ ಹೇಳಿದ್ದಾನಾ? ಇಲ್ಲ ತಾನೇ? ಆ ಸಹಿ ಸುಳ್ಳು. ಸುಳ್ಳಷ್ಟೇ ಆಗಿದ್ದರೆ ಹೋಗಲಿ ಅಂತಿದ್ದೆ. ಅದರಲ್ಲಿ ಮಾಟ ಇದೆ."

ಕಣ್ಣಿನ ಡಾಕ್ಟರು ಆ ಊರಿಗೆ ಬಂದು ತಿಂಗಳೂ ತುಂಬಿರಲಿಲ್ಲ. ಬಾಡಿಗೆ ಮನೆಯ ಬೋಳುಗೋಡೆಗೆ ಏನಾದರೂ ಬೇಕೆಂದು ಆನ್‌ಲೈನಿನಲ್ಲಿ ಹುಡುಕುವಾಗ ಸಿಕ್ಕಿದ ಚಿತ್ರವದು: ತಾಯಿಯೊಬ್ಬಳು ಮಗುವಿನ ತಲೆ ಬಾಚುತ್ತಿದ್ದಾಳೆ. ಎರಡು ವರ್ಷದ ಹಿಂದೆ ತಾಯಿಯನ್ನು ಕಳೆದುಕೊಂಡ ಅವರ ಆರು ವರ್ಷದ ಮಗಳು ಅದನ್ನು ನೋಡಿದವಳೇ, "ಅಪ್ಪಾ, ಅಮ್ಮ ನೋಡು!" ಎಂದಿದ್ದಳು. ಮೂಲೆಯಲ್ಲಿ ಹೆಸರಾಂತ ಕಲಾವಿದರ ಸಹಿ, ಜೊತೆಗೆ ಮುದ್ರೆಯೊತ್ತಿದ ಪ್ರಮಾಣಪತ್ರ. ಇನ್ನೇನು ಬೇಕು? ಆದರೂ ತಿಳಿದವರಿಗೆ ಒಮ್ಮೆ ತೋರಿಸೋಣವೆಂದು ಅಂಗಡಿಗೆ ಬಂದಿದ್ದರು.

"ಮಾಟ ಈಗ ಪಾರ್ಸಲ್‌ನಲ್ಲೂ ಬರುತ್ತಾ ಯಜಮಾನ್ರೇ?" ಎಂದು ನಕ್ಕ ಡಾಕ್ಟರು ಅಂಗಡಿಯ ಮೆಟ್ಟಿಲಿಳಿಯುವ ಮೊದಲೇ ಖರೀದಿ ಮುಗಿಸಿಬಿಟ್ಟರು.

ಪಾರ್ಸಲ್ ಬಿಚ್ಚಿದಾಗ ಸುಟ್ಟ ಕೂದಲಿನ ಕಮಟು ವಾಸನೆ ಮನೆ ತುಂಬಿತು. ಹಳೆಯ ವಾರ್ನಿಷ್ ಇರಬೇಕು ಎಂದುಕೊಂಡು ಕಿಟಕಿ ತೆರೆದರು. ವಾಸನೆ ಹೋಗಲಿಲ್ಲ. ಸಂಜೆಯಾದರೆ ಚಿತ್ರ ತೂಗಿದ ಗೋಡೆಯ ಕಡೆಯಿಂದ ಕರ್ ಕರ್ ಎಂಬ ಸದ್ದು, ಯಾರೋ ಉಗುರಿನಿಂದ ಒಣಬಣ್ಣ ಕೆರೆಯುವಂತೆ.

ಮೊದಲ ವಾರ ಮಗಳು ಗೆಳತಿಯ ಹೆಸರು ಮರೆತಳು. ಆಮೇಲೆ ಟೀಚರದು. ಒಂದು ದಿನ ಊಟಕ್ಕೆ ಕೂತಾಗ, "ಅಮ್ಮನ ಹೆಸರು ಏನಿತ್ತಪ್ಪಾ?" ಎಂದಳು. ಡಾಕ್ಟರು ತುತ್ತನ್ನು ತಟ್ಟೆಗಿಟ್ಟು ಎದ್ದರು. ಮಾರಿದವನಿಗೆ ಫೋನು ಮಾಡಿದರೆ ಆ ನಂಬರೇ ಇರಲಿಲ್ಲ. ಅವನ ಪುಟವೂ ಮಾಯವಾಗಿತ್ತು.

ಮರುದಿನ ಸಂಜೆ ಕರೆಂಟು ಹೋಯಿತು. ಕತ್ತಲು. ಕರ್ ಕರ್. ವಾಸನೆ ಮೂಗಿಗಡರಿತು. "ಪುಟ್ಟೀ!" ಗೋಡೆ ತಡವಿಕೊಂಡು ಬಂದರು. ಮಗಳು ಚಿತ್ರದ ಕೆಳಗೆ ನಿಂತಿದ್ದಳು. ಎತ್ತಿಕೊಳ್ಳಲು ಬಾಗಿದರು. ಅವಳು ಹಿಂದೆ ಸರಿದಳು. ಇನ್ನೂ ಸರಿದಳು. ಬೆನ್ನು ಗೋಡೆಗೆ ತಾಗಿತು.

"ನೀವು ಯಾರು?"

ಚಿತ್ರ ಕಿತ್ತುಕೊಂಡು, ಅಳುವ ಮಗುವನ್ನು ಹೆಗಲಿಗೆ ಹಾಕಿಕೊಂಡು, ಡಾಕ್ಟರು ಫ್ರೇಮಿನಂಗಡಿಗೆ ಓಡಿದರು.

ಮುದುಕ ಚಿತ್ರವನ್ನು ಬೋರಲು ಮಲಗಿಸಿ ಹಿಂದಿನ ಹಲಗೆಯ ಮೊಳೆ ಕಿತ್ತ. ಒಳಗೆ ಕರಿದಾರ ಸುತ್ತಿದ ಸಣ್ಣ ಗಂಟು. ಬೂದಿ, ಒಂದು ಹಿಡಿ ಕೂದಲು.

"ಇದನ್ನಿಟ್ಟವನು ನಾನೇ," ಎಂದ. "ಈ ಚಿತ್ರ ಬರೆದವಳು ನನ್ನ ಮಗಳು. ದಲ್ಲಾಳಿಯೊಬ್ಬ ಅವಳ ಹೆಸರು ಕೆರೆದು ದೊಡ್ಡವರ ಹೆಸರು ಹಾಕಿಸಿದ. ತಾನೇ ಬರೆದದ್ದು ಅಂತ ಅವಳು ಹೇಳಿದರೆ ಒಬ್ಬರೂ ನಂಬಲಿಲ್ಲ, ಕಳ್ಳಿ ಅಂದರು. ಆ ಕೊರಗಲ್ಲೇ ಹೋದಳು. ಅವಳು ಯಾರ ಮಗಳೆಂದು ತಿಳಿಯದೆ ಅವನು ಇದನ್ನು ಫ್ರೇಮು ಹಾಕಿಸೋಕೆ ನನ್ನ ಹತ್ತಿರವೇ ತಂದ. ನನ್ನ ಮಗಳ ಹೆಸರು ಅಳಿಸಿದವನ ಹೆಸರು ಅವನ ಮಕ್ಕಳ ಬಾಯಲ್ಲೂ ಉಳಿಯದಿರಲಿ ಅಂತ ಮಾಟ ಮಾಡಿಸಿಟ್ಟೆ. ಅವನು ಒಂದು ದಿನವೂ ಮನೆಯಲ್ಲಿಟ್ಟುಕೊಳ್ಳದೆ ಮಾರಿಬಿಟ್ಟ. ಚಿತ್ರ ಯಾರ ಮನೆಯಲ್ಲಿರುತ್ತೋ ಮಾಟ ಅವರಿಗೇ ತಗುಲುತ್ತೆ."

"ನೀವೇ ಇಟ್ಟದ್ದು ಅಂತ ಅವತ್ತೇ ಯಾಕೆ ಹೇಳಲಿಲ್ಲ?"

"ಯಾವ ಮುಖ ಇಟ್ಟುಕೊಂಡು ಹೇಳಲಿ?"

ಮುದುಕ ಸುಳ್ಳು ಸಹಿಯನ್ನು ಒರೆಸಿ, ಅದೇ ಜಾಗದಲ್ಲಿ ತನ್ನ ಮಗಳ ಹೆಸರು ಬರೆದ. ಅಕ್ಷರಕ್ಕೊಮ್ಮೆ ಕಣ್ಣೊರೆಸಿಕೊಂಡ. ಗಂಟನ್ನು ಹಿತ್ತಲಿಗೊಯ್ದು ಸುಟ್ಟ. ಅವನ ಮಗಳದೆಂದು ಉಳಿದಿದ್ದ ಆ ಹಿಡಿಕೂದಲೂ ಚಟಪಟ ಉರಿದುಹೋಯಿತು.

"ಇನ್ನು ಮುಂದಕ್ಕೆ ಏನೂ ಮರೆಯಲ್ಲ," ಎಂದ ಮುದುಕ, ಮಗುವಿನ ಕಡೆ ನೋಡಲಾರದೆ. "ಹೋದದ್ದು ಮಾತ್ರ ಬರಲ್ಲ ಡಾಕ್ಟ್ರೇ, ಹೇಳಿಕೊಟ್ಟರೂ ನಿಲ್ಲಲ್ಲ."

ಹಾಗೇ ಆಯಿತು. ಮಗು ಚೆನ್ನಾಗಿ ಓದಿತು, ಹೊಸ ಗೆಳತಿಯರ ಹೆಸರೆಲ್ಲ ಕಲಿಯಿತು. ಅಪ್ಪ ಎನ್ನುವುದನ್ನು ಹೇಳಿಕೊಟ್ಟರೆ ಪಾಠದಂತೆ ಒಪ್ಪಿಸುತ್ತಿತ್ತು. ಬೆಳಗಾದರೆ ಆ ಮಾತು ನಾಲಿಗೆಯ ಮೇಲಿರುತ್ತಿರಲಿಲ್ಲ.

ವರ್ಷದ ಕೊನೆಗೆ ಶಾಲೆಯಲ್ಲಿ ಪೋಷಕರ ಸಭೆ. ಟೀಚರು, "ನಿನ್ನ ಜೊತೆ ಯಾರು ಬಂದಿದ್ದಾರೆ?" ಎಂದು ಕೇಳಿದರು. ಮಗು ಡಾಕ್ಟರ ಬೆರಳು ಹಿಡಿದು ಮುಂದಕ್ಕೆ ಎಳೆದು ತಂದಿತು.

"ಇವರು ನಮ್ಮನೇಲೇ ಇರ್ತಾರೆ ಮಿಸ್," ಎಂದಿತು. "ತುಂಬಾ ಒಳ್ಳೆಯವರು."