ನಕ್ಷೆಯ ಅಂಚಿಗೆ ಸುರಿದ ಮಳೆ

ರೆಫೂಜಿಯೊ ಇನ್ನಿಲ್ಲವೆಂಬ ಸುದ್ದಿ ಬಂದ ದಿನ ಅರಿಜೋನಾ ಗಡಿಯ ಆ ಊರಿನ ಮೇಲೆ ಒಂದು ಚೂರು ಮೋಡವೂ ಇರಲಿಲ್ಲ. ಅಕ್ಟೋಬರ್ ತಿಂಗಳ ಹಿತವಾದ ಬಿಸಿಲು. ತಾನೂ ಅವನೂ ಕೆಲಸ ಮಾಡುವ ಹವಾಮಾನ ಕಚೇರಿಯ ಕಿಟಕಿಯಿಂದ ಓಟಿಲಿಯಾ ನೋಡಿದಾಗ ಎದುರು ಮನೆಯವರು ಅಂಗಳದಲ್ಲಿ ಕೆಂಪು ಮೆಣಸಿನಕಾಯಿ ಹರವುತ್ತಿದ್ದರು. ಆಗ ಪೊಲೀಸರ ಫೋನು ಬಂತು.

ದೂರದ ಬೆಟ್ಟದ ನೆತ್ತಿಯ ಮೇಲೆ ಸುರಿದ ಮಳೆ ಒಣಹಳ್ಳದೊಳಗೆ ಗೋಡೆಯಂತೆ ಇಳಿದು ಬಂದಿತ್ತು. ಪೈನ್ ಬೀಜ ಆಯಲು ಹೋದ ಕುಟುಂಬಗಳು ಹಳ್ಳದ ಮರಳಲ್ಲೇ ಗುಡಾರ ಹಾಕಿದ್ದವು. ಅವರೆಲ್ಲ ಬದುಕಿದ್ದರು. ಅವರನ್ನು ದಡ ಹತ್ತಿಸಿದ ರೆಫೂಜಿಯೊಗೆ ತಾನು ಹತ್ತಲು ಆಗಲಿಲ್ಲ.

"ರಜೆಯ ದಿನ ಅಲ್ಲಿಗ್ಯಾಕೆ ಹೋದ?" ಎಂದರು ಕಚೇರಿಯ ಮುಖ್ಯಸ್ಥ ವಿಟ್‌ಲಾಕ್.

ಓಟಿಲಿಯಾಗೆ ಅಳು ಬರಲಿಲ್ಲ, ಸಿಟ್ಟು ಬಂತು. ಯಾಕೆ ಹೋದನೆಂಬುದು ಈ ಮನುಷ್ಯನಿಗೆ ಚೆನ್ನಾಗಿ ಗೊತ್ತಿತ್ತು.

ಓಟಿಲಿಯಾ, ರೆಫೂಜಿಯೊ ಇಬ್ಬರ ಪ್ರೀತಿ ಬೆಳೆದದ್ದೇ ಪಾಳಿ ಬದಲಾಗುವ ಹೊತ್ತಿನಲ್ಲಿ. ಒಬ್ಬರು ಮಾಡಿಟ್ಟ ಮುನ್ಸೂಚನೆಯನ್ನು ಮುಂದಿನವರು ಕಾರಣವಿಲ್ಲದೆ ಮುಟ್ಟಬಾರದು ಎನ್ನುವುದು ಆ ಕೆಲಸದವರ ಮರ್ಯಾದೆ. ರೆಫೂಜಿಯೊ ಬೇಕೆಂದೇ ಮುಟ್ಟುತ್ತಿದ್ದ.

"ಮಳೆಗೆ ನಾನು ಹಾಕಿದ್ದ ಶೇಕಡಾ ನಲವತ್ತನ್ನ ನಲವತ್ತೈದು ಮಾಡಿದ್ಯಾಕೆ?"

"ನೀನು ಬಂದು ಜಗಳ ಆಡ್ಲಿ ಅಂತ."

"ಜಗಳಕ್ಕೆ ಐದೇ ಸಾಕಾ?"

"ಹತ್ತು ಮಾಡಿದ್ರೆ ಮಾತೇ ಬಿಡ್ತೀಯ. ಲೆಕ್ಕ ಹಾಕಿಯೇ ಮಾಡಿದ್ದು."

ಕನ್ನಡಕ ಒರೆಸುವ ನೆಪದಲ್ಲಿ ಅವನು ಕಣ್ಣು ಕಿರಿದು ಮಾಡಿ ಅವಳತ್ತ ನೋಡುತ್ತಿದ್ದ. ಅವಳು ಕಾಫಿಯ ಲೋಟದ ಹಿಂದೆ ನಗು ಮುಚ್ಚಿಕೊಳ್ಳುತ್ತಿದ್ದಳು.

"ಅದಿಲ್ದೆ ಏನೂ ಕಾಣ್ಸಲ್ಲ ಅಂತೀಯಲ್ಲ, ಮತ್ತೇನು ನೋಡ್ತಿದ್ದೀಯ?"

"ಮಂಜು ಮಂಜಾಗಿ ನಿನ್ನ. ಸದ್ಯಕ್ಕೆ ಅಷ್ಟು ಸಾಕು."

ಒಂದು ದಿನ ಅವನು ಚೀಲ ಹೆಗಲಿಗೇರಿಸಿಕೊಂಡವನು ಬಾಗಿಲಲ್ಲೇ ನಿಂತ. "ಅಮ್ಮ ಕೇಳ್ತಿದ್ದಾಳೆ, ಆ ಹುಡುಗಿ ಮನೆಗೆ ಯಾವಾಗ ಬರ್ತಾಳೆ ಅಂತ."

"ಸಾಧ್ಯತೆ ಇದೆ ಅಂತ ಹೇಳು."

"ಎಷ್ಟು?"

"ಅಲ್ಲಲ್ಲಿ, ಚದುರಿದಂತೆ."

ಅವನು ನಗುತ್ತಲೇ ಹೋದ. ಅವಳ ಕಿವಿ ಕೆಂಪಾದದ್ದನ್ನು ಕನ್ನಡಕ ಹಾಕಿಕೊಂಡೇ ನೋಡಿದ್ದ.

ಆ ಸೀಮೆಯ ಶರತ್ಕಾಲವನ್ನು ನಂಬುವಂತಿಲ್ಲ. ದಕ್ಷಿಣದ ಕಡಲಲ್ಲಿ ಸತ್ತ ಚಂಡಮಾರುತದ ತೇವ ಮೇಲೆ ಬರುತ್ತದೆ, ಉತ್ತರದಿಂದ ಚಳಿಗಾಳಿ ಇಳಿಯುತ್ತದೆ. ಎರಡೂ ಬೆಟ್ಟದ ಮೇಲೆ ಸಂಧಿಸಿದರೆ ಕೆಳಗಿನ ಮರುಭೂಮಿಯಲ್ಲಿ ಬಿಸಿಲಿರುವಾಗಲೇ ಹಳ್ಳ ತುಂಬುತ್ತದೆ. ಈ ಸಲ ಸಂಧಿಸುವುದನ್ನು ಓಟಿಲಿಯಾ ಕಂಡಳು. ಬೆಟ್ಟಸಾಲಿಗೆ ಮಳೆಯ ಸಾಧ್ಯತೆ ಶೇಕಡಾ ಎಪ್ಪತ್ತು ಎಂದು ಹಾಕಿ ಮನೆಗೆ ಹೋದಳು.

ಮರುದಿನ ಬಂದು ನೋಡಿದರೆ ಅದು ಮೂವತ್ತಾಗಿತ್ತು.

ಬೆಟ್ಟಸಾಲಿನ ಆಚೆ ಮಗ್ಗುಲು ನೆರೆಯ ಕಚೇರಿಯದು. ಅವರು ಇಪ್ಪತ್ತು ಹಾಕಿದ್ದರು. ಈಚೆ ಎಪ್ಪತ್ತು, ಆಚೆ ಇಪ್ಪತ್ತು ಇದ್ದರೆ ನಕ್ಷೆಯಲ್ಲಿ ಬಣ್ಣ ಕತ್ತರಿಸಿದಂತೆ ಕಾಣುತ್ತದೆ, ನೋಡಿದವರು ನಗುತ್ತಾರೆ. ಅದಕ್ಕೇ ಅಂಕಿಗಳನ್ನು ಹತ್ತಿರ ತಂದು ಅಂಚು ಕೂಡಿಸುವುದು ವಾಡಿಕೆ. ಕೂಡಿಸಿದವನು ರೆಫೂಜಿಯೊ.

"ಮಳೆ ನಿನ್ನ ನಕ್ಷೆ ನೋಡ್ಕೊಂಡು ಬರುತ್ತಾ?" ಎಂದು ಅವನನ್ನು ಕೇಳಿದಳು ಓಟಿಲಿಯಾ. ಅವಳ ದನಿಯಲ್ಲಿ ತಮಾಷೆ ಇರಲಿಲ್ಲ.

"ವಿಟ್‌ಲಾಕ್ ಸರ್ ಹೇಳಿದ್ರು. ಬೇಡ ಅಂದೆ, ಎರಡು ಸಲ ಅಂದೆ."

"ಮೂರನೇ ಸಲಾನೂ ಅನ್ಬೇಕಿತ್ತು."

ಅವನು ತಲೆ ತಗ್ಗಿಸಿದ. ಅವಳು ಮತ್ತೆ ಎಪ್ಪತ್ತು ಮಾಡಲು ಕೂತಾಗ ವಿಟ್‌ಲಾಕ್ ಹಿಂದೆ ಬಂದು ನಿಂತು, "ಆಚೆಯವರ ಜೊತೆ ಮಾತಾಡದೆ ಏನೂ ಮುಟ್ಟಬೇಡಿ. ನಾಳೆ ನೋಡೋಣ" ಎಂದರು.

ಓಟಿಲಿಯಾ ಎದ್ದಳು. ಅವಳ ಸಿಟ್ಟೆಲ್ಲ ಹತ್ತಿರದವನ ಮೇಲೆ ತಿರುಗಿತು. "ಎದುರು ನಿಂತು ಮಾತಾಡಕ್ಕೆ ಬರ್ದೇ ಇರೋನ ಮನೆಗೆ ನಾನು ಬರಲ್ಲ. ನಿಮ್ಮಮ್ಮನಿಗೆ ಹೇಳ್ಬಿಡು."

ಮರುದಿನ ಅವನಿಗೆ ರಜೆ. ಮನೆಯಲ್ಲಿ ಯಾರಿಗೂ ಹೇಳದೆ, ಕೈಯಿಂದ ಮಾಡಿದ್ದನ್ನು ಕಾಲಿಂದ ಅಳಿಸಲು ಹೊರಟವನಂತೆ, ಬೀಜ ಆಯುವವರನ್ನು ಎಚ್ಚರಿಸಲು ಅವನು ಆ ಹಳ್ಳಕ್ಕೆ ಹೋದ.

ಮಣ್ಣು ಮಾಡಿದ ಸಂಜೆ ಅವನ ಮನೆಯಲ್ಲಿ ಜಪಮಾಲೆಯ ಪ್ರಾರ್ಥನೆಗೆ ಜನ ಸೇರಿದರು. ಒಂಬತ್ತು ಸಂಜೆ ನಡೆಯುವ ಪ್ರಾರ್ಥನೆ ಅದು. ಓಟಿಲಿಯಾ ಆ ಹೊಸಿಲು ದಾಟಿದ್ದು ಅಂದೇ ಮೊದಲು. ಬಾಗಿಲ ಬಳಿ ಕುರ್ಚಿ ಹಿಡಿದು ಕೂತಳು. ಒಳಗೆ ಕಾಫಿ ಕುದಿಯುತ್ತಿತ್ತು.

"ಹವಾಮಾನದವನೇ ಬಿಸಿಲಲ್ಲಿ ಮುಳುಗಿದನಂತೆ" ಎಂದು ಹಿಂದೆ ಒಬ್ಬ ಪಿಸುಗುಟ್ಟಿದ. ಇನ್ನೊಬ್ಬ ಮೂಗಿನಲ್ಲೇ ನಕ್ಕ. ಸಾವಿನ ಮನೆಯಲ್ಲಿ, ಹೆತ್ತವಳ ಕಿವಿಗೆ ಬೀಳುವಂತೆ. ಇಂಥದ್ದನ್ನು ಕೇಳಿ ಸುಮ್ಮನಿರುವುದೂ ಪಾಪವೇ.

ವಿಟ್‌ಲಾಕ್ ಹೂಗುಚ್ಛ ಹಿಡಿದು ಬಂದರು. ತಾಯಿ ಲಿಬ್ರಾದಾಳ ಮುಂದೆ ಬಾಗಿ, "ಅಮ್ಮಾ, ಇದರಲ್ಲಿ ಯಾರ ತಪ್ಪೂ ಇಲ್ಲ. ದೇವರ ಇಚ್ಛೆ" ಎಂದರು.

ಮುದುಕಿ ಅವರನ್ನು ದಾಟಿ ಓಟಿಲಿಯಾಳನ್ನು ನೋಡಿದಳು. "ನೀನೂ ಅಲ್ಲೇ ಕೆಲಸ ಮಾಡೋಳಲ್ವಾ ಮಗಳೇ? ನಿಜ ಹೇಳು. ನನ್ನ ಮಗನಿಗೆ ಕೆಲಸ ಗೊತ್ತಿರ್ಲಿಲ್ವಾ?"

ಸುಮ್ಮನಿದ್ದರೆ ಕೆಲಸ ಉಳಿಯುತ್ತಿತ್ತು. ನಿಜ ಹೇಳಿದರೆ ಅವನ ಕೈಯ ಕೆಲಸವನ್ನೂ ಹೇಳಬೇಕಿತ್ತು. ಓಟಿಲಿಯಾ ಎದ್ದು ನಿಂತಳು.

"ಗೊತ್ತಿತ್ತಮ್ಮಾ. ಮಳೆ ಬರುತ್ತೆ ಅಂತ ನಾನು ಹಾಕಿದ್ದೆ, ಅವನೂ ನಂಬಿದ್ದ. ನಕ್ಷೆ ಚೆಂದ ಕಾಣ್ಲಿ ಅಂತ ಇವರು ಕಡಿಮೆ ಮಾಡ್ಸಿದ್ರು. ಮಾಡಿದ ಕೈ ನಿಮ್ಮ ಮಗನದೇ, ಅದನ್ನ ಮುಚ್ಚಿಡಲ್ಲ. ಆದ್ರೆ ಅದಕ್ಕೆ ಜವಾಬು ಕೊಡಕ್ಕೆ ಅವನೊಬ್ಬನೇ ಹೋದ." ಅವಳು ವಿಟ್‌ಲಾಕ್ ಕಡೆ ತಿರುಗಿದಳು. "ದೇವರು ಮೊದಲೇ ತೋರ್ಸಿದ್ದ, ಸರ್. ಕಂಡದ್ದನ್ನ ಅಳಿಸಿದ್ದು ನಾವು. ಅದನ್ನ ಅವನ ತಲೆ ಮೇಲೆ ಹಾಕ್ಬೇಡಿ."

"ಇದನ್ನ ನಾಳೆ ಆಫೀಸಲ್ಲಿ ಮಾತಾಡೋಣ."

"ಮಾತಾಡೋಣ. ಹಳ್ಳದಲ್ಲಿ ಉಳಿದವರನ್ನೂ ಕರೀತೀನಿ. ಅವರ ಮುಂದೇನೇ ಮಾತಾಡೋಣ."

ವಿಟ್‌ಲಾಕ್ ಹೂವನ್ನು ಮೇಜಿನ ಮೇಲಿಟ್ಟು ಹೊರಗೆ ಹೋದರು.

"ಅವನಿಗೆ ನೀನೇನಾಗ್ಬೇಕು?" ಎಂದಳು ಲಿಬ್ರಾದಾ, ಮೆಲ್ಲಗೆ.

"ಈ ಮನೆಗೆ ಸೊಸೆಯಾಗಿ ಬರ್ಬೇಕಿತ್ತು, ಅಮ್ಮಾ. ಬರಲ್ಲ ಅಂದ್ಬಿಟ್ಟೆ. ಸಿಟ್ಟಲ್ಲಿ ಅಂದೆ. ಪ್ರೀತಿ ಅಂತ ಒಂದು ಸಲಾನೂ ಬಾಯ್ಬಿಟ್ಟು ಹೇಳಿರ್ಲಿಲ್ಲ." ಅಷ್ಟು ದಿನ ಬಾರದ ಅಳು ಆಗ ಬಂತು.

"ಸಿಟ್ಟು ಇನ್ನೂ ಇದೆಯಾ?"

"ಇದೆ."

"ಇರ್ಲಿ. ಅದನ್ನ ಇಟ್ಕೊಂಡೇ ಇಲ್ಲಿ ಬಾ. ಮನೆಯವರ ಸಾಲಲ್ಲಿ ಮೊಣಕಾಲೂರು. ಇವತ್ತಿನ ಪ್ರಾರ್ಥನೆ ನೀನೇ ಹೇಳ್ಕೊಡು."

ಓಟಿಲಿಯಾ ತಾಯಿಯ ಪಕ್ಕದಲ್ಲಿ ಮೊಣಕಾಲೂರಿದಳು. ಮೊದಮೊದಲು ದನಿ ಒಡೆಯುತ್ತಿತ್ತು, ಆಮೇಲೆ ಗಟ್ಟಿಯಾಯಿತು.

"ಬೆಟ್ಟವನ್ನೂ ಮರಳನ್ನೂ ಮಾಡಿದ ತಂದೆಯೇ, ನಿನ್ನ ಮಗ ರೆಫೂಜಿಯೊನನ್ನು ಆ ನೀರಿನಿಂದ ಎತ್ತಿಕೋ. ಅವನ ಕೈಯ ತಪ್ಪನ್ನು ಅವನು ನಡೆದ ದಾರಿ ನೋಡಿ ಮನ್ನಿಸು. ಅವನಿಗೆ ದಣಿವಾಗಿದೆ, ವಿಶ್ರಾಂತಿ ಕೊಡು. ನಿನ್ನ ಬೆಳಕು ಎಂದೆಂದಿಗೂ ಅವನ ಮುಖದ ಮೇಲಿರಲಿ. ಆಮೆನ್."