ಬಳಿ ಕೇಳಿದ ಮೇಲೆ

"ಹ್ವಾಯ್! ಮೀನ್ ಮುಟ್ಬೇಡಿ ಮಾರಾಯ್ರೆ!"

ನಿಶ್ಮಿತಾಳ ಬೆರಳು ಬಂಗುಡೆಯ ಕಿವಿರಿನಲ್ಲೇ ನಿಂತಿತು.

ಅದು ಸ್ಪೇನ್ ದೇಶದ ವೀಗೊ ಪಟ್ಟಣದ ಮೀನು ಮಾರುಕಟ್ಟೆ. ಎದುರಿಗೆ ಬಿಳಿ ಏಪ್ರನ್ ತೊಟ್ಟ ಹೆಂಗಸೊಬ್ಬಳು ಕೈ ಬೀಸಿ ಸ್ಪ್ಯಾನಿಷಿನಲ್ಲಿ ಬೈಯುತ್ತಿದ್ದಳು. ಅದು ಸರಿ... ಆದರೆ ಈ ಕುಂದಾಪ್ರ ಕನ್ನಡ ಎಲ್ಲಿಂದ ಬಂತು?

ತಿರುಗಿದಳು. ನೀಲಿ ಜಾಕೆಟ್ ತೊಟ್ಟ ಎತ್ತರದ ಹುಡುಗನೊಬ್ಬ ನಗುತ್ತ ನಿಂತಿದ್ದ.

"ಕಿವಿರ್ ಕೆಂಪಿತ್ತಾ ಕಾಣ್ದೆ ಮೀನ್ ತಕಂಬುದ್ ಹ್ಯಾಂಗೆ?" ನಾಚಿಕೆಗಿಂತ ಅವಳಿಗೆ ಸಿಟ್ಟೇ ಹೆಚ್ಚು.

"ಇಲ್ಲಿ ಮುಟ್ಟುಕಾಗ. ಅವ್ರೇ ಎತ್ತಿ ಕೊಡ್ಕ್. ನೀವ್ ನಮ್ಮೂರ್ ಭಾಷೆಯಂಗೆ ಗೊಣಗ್ತಾ ಇದ್ರಿ. ಅದ್ಕೇ ಗುರ್ತ ಸಿಕ್ತ್."

"ನಾನ್ ಮೀನ್ ಮಾರೋರ ಮಗ್ಳ್! ನಂಗೇ ಕಲಿಸ್ತ್ರ್ಯಾ?"

"ಮೀನಿಂದ್ ಕಲ್ಸುದಿಲ್ಲೆ. ಕ್ಷಮೆ ಕೇಂಬುದ್ ಮಾತ್ರ ಕಲಿಸ್ತೆ. ನಾ ಹೇಳ್ದಾಂಗೆ ಹೇಳಿ..."

ಅವಳು ಅವನು ಹೇಳಿಕೊಟ್ಟ ಹಾಗೆಯೇ ಹೇಳಿದಳು. ಬೈಯುತ್ತಿದ್ದ ಹೆಂಗಸು ಗಟ್ಟಿಯಾಗಿ ನಕ್ಕು, ಒಂದು ಬಂಗುಡೆಯನ್ನು ಹೆಚ್ಚಿಗೆ ಹಾಕಿದಳು.

ಇದು 2013ರ ಮಾತು. ನಿಶ್ಮಿತಾ ಕುಂದಾಪುರದ ಕೋಡಿಯ ಹುಡುಗಿ. ತಂದೆ ತೀರಿಹೋಗಿದ್ದರು. ತಾಯಿ ಜಲಜ ಪೇಟೆಯಲ್ಲಿ ಮೀನು ಮಾರಿ ಮಗಳನ್ನು ಓದಿಸಿದ್ದಳು. ಮಗಳು ವಿದ್ಯಾರ್ಥಿವೇತನದ ಬಲದಿಂದ ಸಮುದ್ರ ವಿಜ್ಞಾನ ಓದಲು ಇಷ್ಟು ದೂರ ಬಂದಿದ್ದಳು.

ಹುಡುಗನ ಹೆಸರು ಉಲ್ಲಾಸ್. ಮೂಲ ಬೈಂದೂರಿನ ಹತ್ತಿರದ ಉಪ್ಪುಂದ, ಹುಟ್ಟಿ ಬೆಳೆದದ್ದು ಮುಂಬೈ. ಇಲ್ಲಿ ಹಡಗು ಕಟ್ಟುವ ವಿದ್ಯೆ ಓದುತ್ತಿದ್ದ.

ಆಮೇಲೆ ಆ ಊರು ಅವಳಿಗೆ ಹೊಸದಾಗಿ ಕಂಡಿತು! ಮಧ್ಯಾಹ್ನ ಅಂಗಡಿಗಳೆಲ್ಲ ಬಾಗಿಲು ಹಾಕುವುದು ಏಕೆಂದು ಅವನು ತಿಳಿಸಿದ. ಆಫ್ರಿಕಾದವನೊಬ್ಬನ ಅಂಗಡಿಯಲ್ಲಿ ತೆಂಗಿನಕಾಯಿ ಸಿಗುವುದೆಂದು ತೋರಿಸಿದ. ಭಾನುವಾರ ಅವಳ ಬಾಡಿಗೆ ಮನೆಯಲ್ಲಿ ಮೀನು ಸಾರು ಕುದಿಯಿತು. ಜೊತೆಗಿದ್ದ ಪೋರ್ಚುಗಲ್ಲಿನ ಹುಡುಗಿಯರು ಖಾರಕ್ಕೆ ಕಣ್ಣೀರು ಸುರಿಸುತ್ತಲೇ ಎರಡನೆಯ ಸಲ ಬಡಿಸಿಕೊಂಡರು.

ಉಣ್ಣುವ ಮೊದಲು ನಿಶ್ಮಿತಾ ಅನ್ನದ ಮೇಲೆ ಒಂದು ತುಂಡು ಮೀನಿಟ್ಟು ತಂದೆಯ ಹೆಸರಿನಲ್ಲಿ ಬದಿಗೆ ತೆಗೆದಿಟ್ಟಳು. ಕಣ್ಣು ಮುಚ್ಚಿ ಕೈಮುಗಿದಳು. ಕಣ್ಣು ತೆರೆದಾಗ ಉಲ್ಲಾಸ್ ಊಟ ಮುಟ್ಟದೆ ಕೈಮುಗಿದು ಕಾಯುತ್ತಿದ್ದ.

ಅಯ್ಯೋ ದೇವರೇ... ಅಷ್ಟೇ ಸಾಕಾಯಿತು. ಅವಳ ಮನಸ್ಸು ಅವನ ಕಡೆಗೆ ಹೊರಟುಹೋಗಿತ್ತು.

ಫೋನಿನಲ್ಲಿ ಮಗಳ ದನಿಯಿಂದಲೇ ತಾಯಿಗೆ ತಿಳಿಯಿತು.

"ಹುಡ್ಗ ನಮ್ಮ ಜಾತಿಯವ್ನೇ ಅಂತೆ. ಬಳಿ ಕೇಂಡ್ಯಾ ಹೆಣೆ?"

"ಇಲ್ಲಮ್ಮ..."

"ಮೊದ್ಲ್ ಅದ್ನ್ ಕೇಣ್. ಆಮೇಲೆ ಕನಸ್ ಕಾಣ್!"

ಬಳಿ ಎಂದರೆ ಅವರವರ ಕುಲದ ಹೆಸರು. ಒಂದೇ ಬಳಿಯವರು ಒಡಹುಟ್ಟಿದವರಂತೆ. ಅವರೊಳಗೆ ಮದುವೆಯ ಮಾತೇ ಇಲ್ಲ.

ಮರುದಿನ ಸಮುದ್ರ ದಂಡೆಯಲ್ಲಿ ಅವಳು ಏನೂ ಅಲ್ಲದ ಮಾತಿನಂತೆ ಕೇಳಿದಳು. ಅವನೂ ಏನೂ ಅಲ್ಲದ ಮಾತಿನಂತೆ ಹೇಳಿದ.

ಅದು ಅವಳದೇ ಬಳಿ!

ಮುಂದಿನ ಭಾನುವಾರ ಅವಳು ಬಾಗಿಲು ತೆರೆದು ಅಂದಳು, "ಬನ್ನಿ ಉಲ್ಲಾಸಣ್ಣ."

ಅವನ ನಗು ಆರಿತು. "ಅಣ್ಣ...? ಎಂತಕ್ಕೆ?"

"ನೀವ್ ದೊಡ್ಡೋರ್ ಅಲ್ದಾ. ಅದ್ಕೆ."

ಅದರ ನಂತರ ಅವನು ಬರುವುದು ಕಡಿಮೆಯಾಯಿತು. ಇವಳು ಆನೆಗುಡ್ಡೆ ಗಣಪತಿಯನ್ನು ದಿನವೂ ಬೇಡಿದಳು: 'ಅವನನ್ನು ಅಣ್ಣನೆಂದು ಕಾಣುವ ಮನಸ್ಸು ಕೊಡು ಸ್ವಾಮೀ.' ಬೇಡಿದ್ದನ್ನೆಲ್ಲ ಕೊಟ್ಟ ದೇವರು ಇದೊಂದನ್ನು ಮಾತ್ರ ಕೊಡಲಿಲ್ಲ!

ಬೇಸಿಗೆಗೆ ಉಲ್ಲಾಸನಿಗೆ ಮ್ಯಾಡ್ರಿಡಿನಲ್ಲಿ ಕೆಲಸವಾಯಿತು. ಬೀಳ್ಕೊಡಲು ಅವಳು ರೈಲು ನಿಲ್ದಾಣಕ್ಕೆ ಹೋದಳು. ಅವನು ಪೆಟ್ಟಿಗೆ ಕೆಳಗಿಟ್ಟು ಅವಳನ್ನೇ ನೋಡಿದ.

"ಒಂದ್ ಮಾತ್ ಹೇಳಿ. ನಾನೆಂತ ತಪ್ ಮಾಡ್ದೆ? ನಾ ನಿಮ್ಮನ್ನ ಇಷ್ಟಪಟ್ಟದ್ದೇ ತಪ್ಪಾ?"

ಇನ್ನು ಮುಚ್ಚಿಟ್ಟರೆ ಅವನು ತನ್ನನ್ನೇ ಹಳಿದುಕೊಂಡು ಹೋಗುತ್ತಾನೆ. ಅವಳು ಅಂದಳು, "ನಂಗೂ ಇಷ್ಟವೇ! ಆದ್ರೆ ನಮ್ದ್ ಒಂದೇ ಬಳಿ ಮಾರಾಯ್ರೆ. ನಾವ್ ಅಣ್ಣ ತಂಗಿ ಆಯ್ತ್ ಅಲ್ದಾ..."

"ಒಂದೇ ಬಳಿಯಾ? ಅದ್ ಅಪ್ಪಯ್ಯಂದ್. ನಂದೂ ಅದೇ ಅಲ್ದಾ?"

"ಎಂತ?!" ನಿಶ್ಮಿತಾಳ ದನಿಗೆ ನಿಲ್ದಾಣದಲ್ಲಿದ್ದವರೆಲ್ಲ ತಿರುಗಿದರು. "ಬಳಿ ಅಮ್ಮನ ಕಡೆಯಿಂದ ಬಪ್ದ್! ಅಷ್ಟೂ ಗೊತ್ತಿಲ್ಯಾ?"

"ಮುಂಬೈಯಂಗೆ ಎಲ್ದಕ್ಕೂ ಅಪ್ಪಯ್ಯನ ಹೆಸ್ರೇ ಬರೂದ್. ಇದೂ ಹಾಂಗೇ ಅಂದ್ಕಂಡಿದ್ದೆ..."

"ನಿಮ್ಮಮ್ಮಂಗೆ ಫೋನ್ ಮಾಡಿ! ಈಗ್ಲೇ!"

ಮುಂಬೈಯಲ್ಲಿ ಪ್ರಭಾವತಿ ಫೋನ್ ಎತ್ತಿದಳು. ಮಗ ತಡವರಿಸುತ್ತ ಕೇಳಿದ. ಅವಳ ಬೈಗುಳ ನಿಶ್ಮಿತಾಳಿಗೂ ಕೇಳಿಸಿತು.

"ಅಪ್ಪನ ಬಳಿ ಹೇಳ್ಕಂಡ್ ತಿರುಗ್ತ್ಯಾ? ಹೆತ್ತದ್ ನಾನ್! ನಿಂದ್ ನನ್ನ ಬಳಿ!" ಎಂದು ಅದರ ಹೆಸರನ್ನೂ ಹೇಳಿದಳು. ಬೇರೆಯೇ ಹೆಸರು!

"ಹಾಂಗಾರೆ ಅಮ್ಮ... ಅಪ್ಪಯ್ಯನ ಬಳಿಯ ಹುಡ್ಗಿ ಸಿಕ್ರೆ?"

"ಸ್ವಾದರತ್ತೆ, ಅಂದ್ರೆ ಅಪ್ಪನ ತಂಗಿ ಮಗಳ ಲೆಕ್ಕ. ಕಟ್ಕಂಬ್ಕೆ ಹಕ್ಕಿನ ಹೆಣ್ಣ್! ಯಾಕ್ ಕೇಂತೆ? ಯಾರಾ ಅದ್? ಪಕ್ಕದಂಗೇ ಇತ್ತಾ? ಫೋನ್ ಕೊಡ್ ಕಾಂಬ..."

ಉಲ್ಲಾಸ್ ಗಾಬರಿಯಿಂದ ಫೋನ್ ಇಟ್ಟುಬಿಟ್ಟ.

ನಿಶ್ಮಿತಾ ಅಳುತ್ತಿದ್ದಳೋ ನಗುತ್ತಿದ್ದಳೋ ಅವಳಿಗೇ ತಿಳಿಯಲಿಲ್ಲ. ಗಣಪತಿ ಆ ವರವನ್ನೇಕೆ ಕೊಡಲಿಲ್ಲವೆಂದು ಈಗ ಅರ್ಥವಾಯಿತು.

ರೈಲು ಬಂದು ನಿಂತಿತು. ಅವನು ಅವಳ ಕೈ ಹಿಡಿದ.

"ನಿಶ್ಮಿತಾ, ನನ್ನ ಮದಿ ಆತ್ಯಾ?"

"ಆತೆ. ಆದ್ರೆ ನಮ್ಮಮ್ಮನ ಹತ್ರ ಬಂದ್ ಕೇಣ್ಕ್."

"ಕೇಂತೆ. ಅದ್ಕೂ ಮೊದ್ಲ್ ಶನಿವಾರ ಇಲ್ಲಿಗೆ ಬತ್ತೆ."

"ಮ್ಯಾಡ್ರಿಡಿಂದ? ಅಷ್ಟ್ ದೂರ?"

"ಮುಂಬೈಯಿಂದ ಉಪ್ಪುಂದಕ್ಕೆ ಬಪ್ಪುಕೆ ಇದ್ಕಿಂತ ಜಾಸ್ತಿ ಹೊತ್ತ್ ಬೇಕ್ ಮಾರಾಯ್ತಿ."

"ಅದ್ರ್ ಮುಂದಿನ ಶನಿವಾರ?"

"ಅವತ್ತೂ ಬತ್ತೆ."

ಅವಳು ಕಣ್ಣೊರೆಸಿಕೊಂಡು ಅವನ ಪೆಟ್ಟಿಗೆಯನ್ನು ತಾನೇ ಎತ್ತಿಕೊಟ್ಟಳು.

"ಹಾಂಗಾರೆ ಬೇಗ ಹತ್ತಿ. ನೀವ್ ಹೋದ್ರೆ ಅಲ್ದಾ ಬಪ್ದ್!"