ಮನಸ್ಸಿಗೆ ಬಂದದ್ದನ್ನೆಲ್ಲ ಗಟ್ಟಿಯಾಗಿ ಹೇಳಿ

"ಛೀ! ನಿಮ್ಮ ಮುಖ ನೋಡೋಕೂ ಹೇಸಿಗೆ ಆಗುತ್ತೆ!"

ರೆಕಾರ್ಡಿಂಗ್ ಕೋಣೆಯ ಬಾಗಿಲು ದಢಾರನೆ ತೆರೆದುಕೊಂಡಿತು. ಜರ್ಮನ್ ಕಾದಂಬರಿಗಳನ್ನು ಕನ್ನಡಕ್ಕೆ ತರುವ ಅನುವಾದಕಿ ಕೆಂಡವಾಗಿದ್ದಳು. ಒಳಗಿದ್ದ ಸಂಶೋಧಕ ಕಂಗಾಲಾಗಿ ಎದ್ದು ನಿಂತ.

ಅನುವಾದ ಮಾಡುವವರ ತಲೆಯೊಳಗೆ ಏನು ನಡೆಯುತ್ತದೆ ಎಂಬುದೇ ಅವನ ಸಂಶೋಧನೆ. ಅವಳು ಜರ್ಮನ್ ಸಾಲನ್ನು ಕನ್ನಡಕ್ಕೆ ತರುತ್ತಾ ಮನಸ್ಸಿಗೆ ಬಂದದ್ದನ್ನೆಲ್ಲ ಗಟ್ಟಿಯಾಗಿ ಹೇಳಬೇಕು. ಅವನು ಎದುರಿಗೆ ಕೂತು ರೆಕಾರ್ಡ್ ಮಾಡಿಕೊಳ್ಳಬೇಕು. ಯಾರ್ಯಾರದೋ ಬೆವರು ಕುಡಿದು ಅಂಟಂಟಾಗಿದ್ದ ಅಲ್ಲಿನ ಹೆಡ್‌ಫೋನನ್ನು ಮೂಗು ಮುರಿಯುತ್ತಲೇ ಕಿವಿಗೇರಿಸಿಕೊಂಡಿದ್ದಳು ಪಾಪ... ಅವನಿಗೋಸ್ಕರ!

ಇವತ್ತು ಸೆಮಿನಾರ್. ತುಂಬಿದ ಸಭೆಗೆ ಅವನು ಕೇಳಿಸಿದ್ದು ಅವಳ ಧ್ವನಿಯನ್ನೇ.

"ಈ ಮನುಷ್ಯ ಹೀಗೇ ಎದುರಿಗೆ ಕೂತಿದ್ರೆ ಸಾಕು... ಜೀವನಪೂರ್ತಿ ಇಲ್ಲೇ ಇದ್ದುಬಿಡ್ತೀನಿ."

ಸಭೆ ಗೊಳ್ಳೆಂದಿತು. ವಿಭಾಗದ ಮುಖ್ಯಸ್ಥರಂತೂ ಬಾಯಿತುಂಬ ಬಿಸ್ಕತ್ತು ಇಟ್ಟುಕೊಂಡೇ ನಕ್ಕು, ಎಂಜಲು ಪುಡಿಯನ್ನು ಮುಂದಿನವರ ಬೆನ್ನಿಗೆ ಹಾರಿಸಿದರು. ಥೂ! ಜೊತೆಗೆ ಬಂದು ಪಕ್ಕದಲ್ಲಿ ಕೂತಿದ್ದ ಅವಳ ಅಕ್ಕ "ನಿಂದೇ ಧ್ವನಿ ಅಲ್ವೇನೇ?" ಎಂದು ತಿವಿದಿದ್ದಳು. ಸೆಮಿನಾರ್ ಮುಗಿದದ್ದೇ ಅವಳು ನೇರ ಇಲ್ಲಿಗೆ ನುಗ್ಗಿದ್ದಳು.

"ನಿಮ್ಮ ಹೆಸರು ತೆಗೆದಿದ್ದೆನಲ್ಲ..." ಅವನು ತೊದಲಿದ.

"ಹೆಸರು ತೆಗೆದ್ರೆ ಧ್ವನಿ ಬದಲಾಗುತ್ತೇನ್ರೀ? ನನ್ನ ಮನಸ್ಸಲ್ಲಿದ್ದದ್ದನ್ನ ಊರಿಗೆಲ್ಲ ಡಂಗುರ ಹೊಡೆದ್ರಲ್ಲ! ನನ್ನ ರೆಕಾರ್ಡಿಂಗ್ ಎಲ್ಲಾ ಅಳಿಸಿ. ನಾಳೆಯಿಂದ ನಾನು ಬರಲ್ಲ."

"ನಿಮ್ಮ ಮನಸ್ಸಾ? ಅದು... ಕಾದಂಬರಿಯ ವಿಧವೆ ತನ್ನ ಮನೇಲಿ ಬಾಡಿಗೆಗಿರೋನನ್ನ ನೋಡಿ ಅಂದ್ಕೊಳ್ಳೋದಲ್ವಾ? ಎಷ್ಟು ಸಹಜವಾದ ಕನ್ನಡ ಅಂತ ಹೊಗಳೋಕೇ ಕೇಳಿಸಿದ್ದು!"

ಅವಳು ಹಣೆ ಚಚ್ಚಿಕೊಂಡಳು. ಸಭೆಗೆಲ್ಲ ಅರ್ಥವಾದದ್ದು ಈ ಪಂಡಿತನಿಗೆ ಆಗಿಲ್ಲ! ಇಂಥ ಪೆದ್ದನನ್ನು ಮೆಚ್ಚಿದ್ದಕ್ಕೆ ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು.

"ಆ ವಿಧವೆ 'ಒಲೆಗೆ ಸೌದೆ ಹಾಕು' ಅಂತಾಳೆ, ಅಷ್ಟೇ. ಅನುವಾದದ ಸಂಶೋಧಕರು ನೀವು... ಜರ್ಮನ್ ಮೂಲ ತೆಗೆದು ನೋಡ್ಲಿಲ್ವಾ?"

"ನಿಮ್ಮ ಧ್ವನಿ ಕೇಳ್ತಾ ಕೇಳ್ತಾ... ಮೂಲ ನೋಡೋದೇ ಮರೆತುಬಿಟ್ಟೆ."

ಅವಳು ತನ್ನ ಕುರ್ಚಿಯನ್ನು ಅವನತ್ತ ಎಳೆದಳು.

"ಕೂತ್ಕೊಳ್ಳಿ. ಹೆಡ್‌ಫೋನ್ ಹಾಕ್ಕೊಳ್ಳಿ. ಮನಸ್ಸಿಗೆ ಬಂದದ್ದನ್ನೆಲ್ಲ ಗಟ್ಟಿಯಾಗಿ ಹೇಳಿ. ನಿಯಮ ನಿಮ್ಮದೇ!"

ಅವನು ಹಾಕಿಕೊಂಡು ಮುಖ ಕಿವುಚಿದ. "ಥೂ... ವಾಂತಿ ಬರೋ ಹಾಗಿದೆ! ಇಷ್ಟು ದಿನ ಇದನ್ನ ಹೇಗೆ ಸಹಿಸ್ಕೊಂಡ್ರಿ?"

"ಯಾಕೆ ಸಹಿಸ್ಕೊಂಡೆ ಅಂತ ಕೇಳಿ. ಇರ್ಲಿ, ಮುಂದೆ ಹೇಳಿ."

ಅವನ ದನಿ ನಡುಗಿತು. "ನನಗೆ ಬೇಕಾದಷ್ಟು ರೆಕಾರ್ಡಿಂಗ್ ಯಾವತ್ತೋ ಸಿಕ್ಕಿತ್ತು. ನೀವು ಬರ್ತಾ ಇರ್ಬೇಕು ಅಂತಲೇ ಇನ್ನೊಂದು ಅಧ್ಯಾಯ, ಇನ್ನೊಂದು ಅಧ್ಯಾಯ ಅಂತ ಎಳೀತಾ ಬಂದೆ. ನಾಳೆಯಿಂದ ಬರಲ್ಲ ಅನ್ಬೇಡಿ... ನೀವಂದ್ರೆ ನಂಗೆ ಪ್ರಾಣ."

ಅವಳ ಕಣ್ಣು ತುಂಬಿ ಬಂತು.

ಅವನು ಗಾಬರಿಯಿಂದ ಮೈಕ್ ಕಡೆ ನೋಡಿದ. "ಇದನ್ನೂ... ರೆಕಾರ್ಡ್ ಮಾಡಿದ್ರಾ?"

"ಇಲ್ಲ. ಮೈಕ್ ಆನ್ ಮಾಡೇ ಇಲ್ಲ. ಇದು ನನಗೊಬ್ಬಳಿಗೇ."

"ಹಾಗಾದ್ರೆ... ಇನ್ನೊಂದ್ಸಲ ಹೇಳ್ಲಾ?"

"ಹೇಳಿ..." ಅವಳು ಮೆಲ್ಲಗೆ ನಕ್ಕಳು. "ಮೊದಲು ಆ ದರಿದ್ರ ಹೆಡ್‌ಫೋನ್ ಕಸಕ್ಕೆ ಹಾಕಿ!"